ತಂದೆಯ ಫೋಟೊ, ವಿಕಿಪೀಡಿಯದ ಪುಟ

ಪ್ರಶ್ನೆ: ನಮ್ಮ ತಂದೆ ಕಿನ್ನಾಳ ಗೊಂಬೆ ಕಲಾವಿದರು. ಕನ್ನಡ ವಿಕಿಪೀಡಿಯದ ಅವರ ಪುಟಕ್ಕೆ ಪೇಪರಿನಲ್ಲಿ ಬಂದಿದ್ದ ಫೋಟೊ ಹಾಕಿದೆ, ಅಳಿಸಿದರು. ಮಗನೇ ಪುಟ ತಿದ್ದಬಾರದೆ?
– ಓದುಗರು, ಕೊಪ್ಪಳ

ಉತ್ತರ: ಫೋಟೊದಲ್ಲಿರುವವರು ನಿಮ್ಮ ತಂದೆಯೇ ಆದರೂ ಅದರ ಹಕ್ಕು ಪತ್ರಿಕೆಯದೋ, ತೆಗೆದವರದೋ ಆಗಿರುತ್ತದೆ. ‘ಕೃಪೆ’ ಎಂದು ಹೆಸರು ಹಾಕಿದರೆ ಅನುಮತಿ ಪಡೆದಂತಾಗದು. ನೀವೇ ಮೊಬೈಲಿನಲ್ಲಿ ಹೊಸದೊಂದು ತೆಗೆದು, ವಿಕಿಪೀಡಿಯದ ಚಿತ್ರಗಳ ಮುಕ್ತ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ‘ಸ್ವಂತ ಕೃತಿ’ ಎಂದು ಸಿಸಿ ಬಿವೈ-ಎಸ್‌ಎ 4.0 (ತೆಗೆದವರ ಹೆಸರು ಹೇಳಿ, ಬದಲಿಸಿದರೆ ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಮುಕ್ತ) ಪರವಾನಗಿಯಲ್ಲಿ ಏರಿಸಿ. ಆ ಫೋಟೊವನ್ನು ಯಾರಾದರೂ ವ್ಯಾಪಾರಕ್ಕೂ ಬಳಸಬಹುದು, ಕೊಟ್ಟ ಪರವಾನಗಿ ಹಿಂಪಡೆಯಲೂ ಆಗದು. ಮನೆಯವರೊಂದಿಗೆ ಮಾತಾಡಿಯೇ ಏರಿಸಿ.

ಗೊಂಬೆಯ ಫೋಟೊದಲ್ಲಿ ಅನೇಕರು ಎಡವುತ್ತಾರೆ. ಅಲ್ಲಿ ಎರಡು ಹಕ್ಕುಗಳಿವೆ: ಫೋಟೊ ನಿಮ್ಮದು, ಗೊಂಬೆಯ ವಿನ್ಯಾಸ ತಂದೆಯದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅಂಗಡಿಯ ಕಪಾಟಿನಲ್ಲಿಟ್ಟ ಗೊಂಬೆಗೆ ಅದು ಸಿಗದು. ಆದ್ದರಿಂದ ತಂದೆಯವರೇ ತಮ್ಮ ಇಮೇಲಿನಿಂದ, ಕಡತದ ಹೆಸರನ್ನೂ ಪರವಾನಗಿಯನ್ನೂ ನಮೂದಿಸಿ, ಕಾಮನ್ಸ್‌ನ ಅನುಮತಿ ತಂಡಕ್ಕೆ ಒಪ್ಪಿಗೆ ಬರೆಯಲಿ. ‘ವಿಕಿಪೀಡಿಯಕ್ಕೆ ಮಾತ್ರ’ ಎಂದು ಬರೆದರೆ ಒಪ್ಪುವುದಿಲ್ಲ.

ಇನ್ನು ಪುಟ ತಿದ್ದುವುದು. ನಿಷೇಧವಿಲ್ಲ, ಆದರೆ ಸ್ವಂತ ಮನೆಯವರ ಬಗ್ಗೆ ನೇರವಾಗಿ ಬರೆಯದಿರುವುದೇ ಲೇಸು. ಅಕ್ಷರದೋಷ ಸರಿಪಡಿಸಿ, ಅಡ್ಡಿಯಿಲ್ಲ. ಪ್ರಶಸ್ತಿ, ಸಾಧನೆ ಸೇರಿಸಬೇಕಿದ್ದರೆ ನಿಮ್ಮ ಸದಸ್ಯ ಪುಟದಲ್ಲಿ ಸಂಬಂಧ ತಿಳಿಸಿ, ಆ ಲೇಖನದ ಚರ್ಚೆ ಪುಟದಲ್ಲಿ ‘ಈ ವಾಕ್ಯ, ಈ ದಿನದ ಪತ್ರಿಕೆ, ಇಷ್ಟನೇ ಪುಟ’ ಎಂದು ಕೋರಿಕೆ ಇಡಿ. ಕುಟುಂಬದ ಕರಪತ್ರ ಆಧಾರವಾಗದು. ಯಾರಾದರೂ ಹಣ ಕೊಟ್ಟು ಬರೆಸುತ್ತಿದ್ದರೆ ಅದನ್ನು ಬಹಿರಂಗಪಡಿಸುವುದು ಕಡ್ಡಾಯ.