ನಮ್ಮ ಹೊಲ, ಹಳ್ಳ, ಮರಗಳಲ್ಲಿ ಇರುವವರು

ನೀವು ಕೇಳಿದ್ದು ಇದು: "ನನ್ನ ಮಗಳು ಇಂಗ್ಲಿಷ್ ಪುಸ್ತಕಗಳಲ್ಲಿ ಫೇರಿಗಳ ಕಥೆ ಓದುತ್ತಾಳೆ. ಮರ, ನೀರು, ಹೂವಿನಲ್ಲಿ ಇರುವ ಇಂಥವರನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ಯಾರಾದರೂ ನಂಬುತ್ತಾರಾ? ನಮ್ಮಲ್ಲಿ ಬರೀ ದೆವ್ವಗಳೇನಾ?"

ನಂಬುತ್ತಾರೆ. ನಾನು ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ದಂಡೆಯ ಊರಿನವಳು, ಒಕ್ಕಲುತನದ ಮನೆಯವಳು. ನಾನೂ ನಂಬುತ್ತೇನೆ. ನಮ್ಮವರು ಹೊಲದಲ್ಲಿ, ಬಾವಿಯಲ್ಲಿ, ಹುತ್ತದಲ್ಲಿ, ಬನ್ನಿ ಮರದಲ್ಲಿ ಇದ್ದಾರೆ. ಅವರನ್ನು ಕಣ್ಣಾರೆ ನೋಡಬೇಕು ಅಂತ ಯಾರೂ ಹೋಗುವುದಿಲ್ಲ. ಅವರ ಪಾಲು ಅವರಿಗೆ ಮುಟ್ಟಿತಾ ಇಲ್ಲವಾ, ಎಲ್ಲರಿಗೂ ಅದೇ ಚಿಂತೆ.

ಮೊದಲು ರೆಕ್ಕೆಯ ವಿಷಯ ಹೇಳಿಬಿಡುತ್ತೇನೆ. ಐರ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಜನಪದ ಕಥೆಗಳಲ್ಲಿ ಫೇರಿಗಳಿಗೆ ಸಾಮಾನ್ಯವಾಗಿ ರೆಕ್ಕೆ ಇರಲಿಲ್ಲ. ಚಿಟ್ಟೆಯ ರೆಕ್ಕೆ ಜಾಸ್ತಿಯಾಗಿ ಬಂದದ್ದು ಆಮೇಲೆ, ಚಿತ್ರಕಾರರಿಂದ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲೆ ಎಂಬ ಊರಿನಲ್ಲಿ ಇಬ್ಬರು ಹುಡುಗಿಯರು ಹಳ್ಳದ ಹತ್ತಿರ ಫೇರಿಗಳ ಫೋಟೋ ತೆಗೆದೆವು ಅಂದರು. ಷೆರ್ಲಾಕ್ ಹೋಮ್ಸ್ ಕಥೆ ಬರೆದ ಆರ್ಥರ್ ಕಾನನ್ ಡಾಯ್ಲ್ ಕೂಡ ಅದನ್ನು ನಂಬಿದರು. 1980ರ ದಶಕದಲ್ಲಿ, ಮುದುಕಿಯರಾದ ಮೇಲೆ, ಕಾಗದದಲ್ಲಿ ಕತ್ತರಿಸಿದ ಚಿತ್ರಗಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದಾಗಿ ಅವರೇ ಒಪ್ಪಿಕೊಂಡರು. ಆದರೆ ಐರ್ಲೆಂಡಿನ ಹಳ್ಳಿಯವರ ನಂಬಿಕೆ ಫೋಟೋ ಮೇಲೆ ನಿಂತಿರಲಿಲ್ಲ. ಅಲ್ಲಿ ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳಿನ ಗಿಡವನ್ನು ಕಡಿಯುವುದಿಲ್ಲ, ಅದು ಅವರದು ಅಂತ. 1999ರಲ್ಲಿ ಕ್ಲೇರ್ ಎಂಬ ಸೀಮೆಯಲ್ಲಿ ಹೊಸ ರಸ್ತೆಗೆ ಇಂಥದೊಂದು ಗಿಡ ಅಡ್ಡ ಬಂತು. ಎಡ್ಡಿ ಲೆನಿಹನ್ ಎಂಬ ಕಥೆಗಾರರು ಅದನ್ನು ಕಡಿಯಬೇಡಿ ಅಂತ ಪಟ್ಟು ಹಿಡಿದರು. ಕೊನೆಗೆ ಗಿಡ ಉಳಿಸಿಕೊಂಡೇ ರಸ್ತೆ ಮಾಡಿದರು. ಇದನ್ನು ಓದಿದಾಗ ನನಗೆ ನಮ್ಮ ಹೊಲದ ಬನ್ನಿ ಗಿಡವೇ ಕಣ್ಣ ಮುಂದೆ ಬಂತು.

ಈಗ ನಮ್ಮ ಕಡೆಗೆ ಬರೋಣ. ನಿಮ್ಮ ಮಗಳಿಗೆ ಒಂದೇ ಒಂದು ವಿಷಯ ಹೇಳುವುದಾದರೆ ಎಳ್ಳ ಅಮಾವಾಸ್ಯೆ ಬಗ್ಗೆ ಹೇಳಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಹಿಂಗಾರಿ ಬಿಳಿಜೋಳ ಆಗ ಹೊಡೆಗೆ ಬಂದಿರುತ್ತದೆ. ತೆನೆ ಇನ್ನೂ ಗರಿಯ ಒಳಗೇ ಇರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಅಲ್ವಾ? ಮನೆಯ ಮಗಳಿಗೆ ಕುಬಸ ಮಾಡಿ ಉಣ್ಣಿಸುವ ಹಾಗೆಯೇ ಅವಳಿಗೂ ಉಣ್ಣಿಸಬೇಕು. ಹಿಂದಿನ ದಿನದಿಂದಲೇ ಅಡಿಗೆ ಶುರುವಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಹಿಂಡಿ, ಮೊಸರನ್ನ. ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರಿನಲ್ಲಿ, ಬಂಧು ಬಳಗ ಎಲ್ಲ ಸೇರಿ ಹೊಲಕ್ಕೆ ಹೋಗುತ್ತೇವೆ.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಆಮೇಲೆ ಚರಗ. ಮಾಡಿದ ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಹೊಲದ ಸುತ್ತ ಚೆಲ್ಲುತ್ತಾ ನಡೆಯುತ್ತಾರೆ. ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರುತ್ತಾರೆ. ಚೆಲ್ಲುವವರು "ಹುಲ್ಲುಲ್ಲಿಗ್ಯೋ" ಅಂತ ಕೂಗಿದರೆ ಹಿಂದಿನವರು "ಚಲ್ಲಂಬ್ರಿಗ್ಯೋ" ಅನ್ನುತ್ತಾರೆ. ಊರಿಂದೂರಿಗೆ ಆ ಕೂಗು ಸ್ವಲ್ಪ ಬೇರೆ ಬೇರೆ. ಮಕ್ಕಳು ಹಸಿವು ಅಂದರೂ ಚರಗ ಮುಗಿಯುವ ತನಕ ಯಾರೂ ಉಣ್ಣುವುದಿಲ್ಲ. "ತಾಯಿ ಉಣ್ಣಲಿ ಮೊದಲ, ನಮ್ದು ಆಮ್ಯಾಲೆ" ಅನ್ನುತ್ತಿದ್ದರು ನಮ್ಮ ಅವ್ವ. ಬೆಳಗಾವಿ, ಧಾರವಾಡದ ಕಡೆ ಸೀಗಿ ಹುಣ್ಣಿಮೆಗೂ ಹೀಗೆ ಚರಗ ಚೆಲ್ಲುವುದುಂಟು.

ಚರಗ ತಿನ್ನಲು ಹಕ್ಕಿಗಳು ಬರುತ್ತವೆ, ಬಂದವು ಬೆಳೆಯ ಹುಳವನ್ನೂ ತಿನ್ನುತ್ತವೆ, ಅದಕ್ಕೇ ಹಿರಿಯರು ಇದನ್ನು ಮಾಡಿದರು ಅಂತ ಈಗ ಕೆಲವರು ವಿವರಣೆ ಕೊಡುತ್ತಾರೆ. ಹಕ್ಕಿ ಬರುವುದು ನಿಜ. ಆದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಹುಳದ ಲೆಕ್ಕ ಅಂತ ನನಗೆ ಅನ್ನಿಸುವುದಿಲ್ಲ. ಹೊಲದಲ್ಲಿ ನಮಗಿಂತ ಮೊದಲಿನಿಂದ ಇರುವವರಿಗೆ ಕೊಡದೆ ನಾವು ತಿನ್ನುವುದು ಸರಿಯಲ್ಲ ಅಂತ ಅವರಿಗೆ ಗಟ್ಟಿಯಾಗಿ ಅನ್ನಿಸಿತ್ತು. ಅದಕ್ಕೆ ಬೇರೆ ಸಮಜಾಯಿಷಿ ಬೇಕಿಲ್ಲ.

ಇನ್ನೊಬ್ಬನಿದ್ದಾನೆ, ಜೋಕುಮಾರ. ನನಗೆ ತುಂಬಾ ಇಷ್ಟದವನು. ಗಣಪತಿ ಹೋದ ಮೇಲೆ ಭಾದ್ರಪದದಲ್ಲೇ ಹುಟ್ಟುತ್ತಾನೆ, ಹುಣ್ಣಿಮೆಗೆ ಸಾಯುತ್ತಾನೆ. ಏಳೇ ದಿನದ ಆಯುಷ್ಯ. ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಅಂಬಿಗರ ಹೆಂಗಸರು ಹಾಡುತ್ತಾ ಮನೆ ಮನೆಗೆ ತರುತ್ತಾರೆ. ಅವನ ಬಾಯಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಜೋಳ ಕೊಡುತ್ತೇವೆ. ಅವರು ಕೊಟ್ಟ ಬೇವಿನ ಸೊಪ್ಪು, ನುಚ್ಚನ್ನು ಹೊಲಕ್ಕೆ ಚೆಲ್ಲಿದರೆ ಬೆಳೆ ಚೆನ್ನಾಗಿ ಬರುತ್ತದೆ ಅಂತ ನಂಬಿಕೆ. ಜೋಕುಮಾರ ಪೋಲಿ, ಊರ ಹೆಣ್ಣುಮಕ್ಕಳ ಹಿಂದೆ ಬಿದ್ದವನು. ಅದಕ್ಕೇ ಅವನನ್ನು ಕೊಲ್ಲುತ್ತಾರೆ. ಮೂರ್ತಿಯನ್ನು ಹಳ್ಳದಲ್ಲಿ ಅಗಸರು ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹಾಕುತ್ತಾರೆ. ಆಮೇಲೆ ಕೆಲವು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ.

ಸತ್ತ ಮೇಲೆ ಅವನು ಮಾಡುವ ಕೆಲಸ ಕೇಳಿ. ಅವನಿಗಿಂತ ಮೊದಲು ಗಣಪತಿ ಭೂಮಿಗೆ ಬಂದು, ಕಡುಬು ಹೋಳಿಗೆ ತಿಂದು ಹೋಗಿ, ಶಿವನಿಗೆ "ಜನ ಸುಖವಾಗಿದ್ದಾರೆ" ಅಂತ ಹೇಳಿರುತ್ತಾನೆ. ಜೋಕುಮಾರ ಬಡವರ ಮನೆ ಬಾಗಿಲಿಗೂ ಹೋದವನು, ನುಚ್ಚು ಅಂಬಲಿ ಕುಡಿದವನು. ಅವನು ಹೋಗಿ ನಿಜ ಹೇಳುತ್ತಾನೆ: ಮಳೆ ಇಲ್ಲ, ಬೆಳೆ ಒಣಗುತ್ತಿದೆ, ಜನ ಕಷ್ಟದಲ್ಲಿದ್ದಾರೆ. ಆಗ ಶಿವ ಮಳೆ ಕೊಡುತ್ತಾನೆ. ನಾವು ಮಳೆ ನಂಬಿ ಬದುಕುವ ಜನ. ನಮ್ಮ ಕಷ್ಟವನ್ನು ಮೇಲೆ ಹೋಗಿ ಸರಿಯಾಗಿ ಹೇಳುವವನೊಬ್ಬ ಬೇಕಿತ್ತು. ಪೋಲಿಯಾದರೂ ಸರಿ, ಸುಳ್ಳು ಹೇಳದವನನ್ನು ನಮ್ಮ ಜನ ಆರಿಸಿಕೊಂಡರು.

ನೀರಿನಲ್ಲಿ ಇರುವವರು ಬೇರೆ. ಸವದತ್ತಿ ಎಲ್ಲಮ್ಮನ ಕಥೆ ನೆನಪಿದೆಯಾ? ರೇಣುಕೆ ದಿನಾ ಹೊಳೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ನೀರು ತರುತ್ತಿದ್ದಳು. ಒಂದು ದಿನ ನೀರಿನಲ್ಲಿ ಗಂಧರ್ವರು ಆಡುವುದನ್ನು ನೋಡಿದಳು. ಮನಸ್ಸು ಒಂದು ಗಳಿಗೆ ಅತ್ತ ಹೋಯಿತು, ಅಷ್ಟೇ. ಕೊಡ ಕೂಡಲಿಲ್ಲ. ಜಮದಗ್ನಿಯ ಸಿಟ್ಟು, ಪರಶುರಾಮನ ಕೊಡಲಿ, ಮುಂದಿನದು ಗೊತ್ತೇ ಇದೆ. ಐರಿಷ್ ಕಥೆಗಳಲ್ಲೂ ಫೇರಿಗಳ ಕುಣಿತ ನೋಡಿದವರ ಬದುಕು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ರೇಣುಕೆಗೆ ಆದ ಶಿಕ್ಷೆ ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟ. ಆದರೆ ನಮ್ಮ ಜನ ಕೊಡಲಿ ಹಿಡಿದವನನ್ನು ಬಿಟ್ಟು ಅವಳಿಗೇ "ಉಧೋ ಉಧೋ" ಅಂದರು, ಅದು ಸಮಾಧಾನ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಬೆಳಗಾವಿಯ ಮರಾಠಿ ಮಾತಾಡುವ ನೆರೆಯವರನ್ನು ಕೇಳಿದರೆ ಸಾತಿ ಆಸರಾ ಬಗ್ಗೆ ಹೇಳುತ್ತಾರೆ. ಬಾವಿ, ಕೆರೆ, ಹೊಳೆಯ ಮಡುವಿನಲ್ಲಿ ಇರುವ ಏಳು ಮಂದಿ ಅವರು. ನೀರಿನ ದಂಡೆಯ ಏಳು ಕಲ್ಲಿಗೆ ಕುಂಕುಮ ಹಚ್ಚಿದರೆ ಅದೇ ಅವರ ಗುಡಿ. ನಮ್ಮಲ್ಲಿ ಬಾಣಂತಿ ಹೊರಗೆ ಬಂದ ಮೇಲೆ ಮೊದಲು ಗಂಗಿ ಪೂಜೆ ಮಾಡುತ್ತಾಳೆ. ಬಾವಿಗಳು ಬತ್ತಿ ಹೋಗಿವೆ, ಈಗ ನಲ್ಲಿಗೇ ಅರಿಸಿನ ಕುಂಕುಮ ಹಚ್ಚುತ್ತೇವೆ. ಗಂಗವ್ವ ಅದರಲ್ಲೂ ಬರುತ್ತಾಳೆ.

ನಿಮ್ಮ ಮಗಳಿಗೆ ರೆಕ್ಕೆಯವಳೇ ಬೇಕಾದರೆ ವಿಜಯಪುರದ ಮುಸ್ಲಿಂ ಅಜ್ಜಿಯರ ಕಥೆ ಕೇಳಿಸಿ. ಜಿನ್, ಪರಿ ಇಬ್ಬರೂ ಅಲ್ಲಿದ್ದಾರೆ. ಪರಿ ಪರ್ಷಿಯಾದ ಕಥೆಗಳಿಂದ ಬಂದವಳು, ಅವಳಿಗೆ ರೆಕ್ಕೆ ಉಂಟು.

ಬಾದಾಮಿಗೂ ಕರೆದುಕೊಂಡು ಬನ್ನಿ. 578ರಲ್ಲಿ ಆದ ಮೂರನೇ ಗುಹೆಯಲ್ಲಿ ಕೆಳಗಿನ ಕಟ್ಟೆ ಉದ್ದಕ್ಕೂ ಕುಳ್ಳ ಗಣಗಳ ಸಾಲಿದೆ. ಡೊಳ್ಳು ಹೊಟ್ಟೆ, ಒಬ್ಬೊಬ್ಬರದು ಒಂದೊಂದು ಆಟ. ಮಕ್ಕಳ ಎತ್ತರಕ್ಕೆ ಸರಿಯಾಗಿ ಇದ್ದಾರೆ, ದೊಡ್ಡವರೇ ನೋಡದೆ ಮುಂದೆ ಹೋಗುತ್ತಾರೆ. ಕಂಬದ ಮೇಲೆ ಮರದ ಕೆಳಗೆ ನಿಂತ ಜೋಡಿಗಳಿವೆ. ಮೊದಲ ಗುಹೆಯ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜ ಇದ್ದಾನೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ತಲೆಯ ಜಾಗದಲ್ಲಿ ಕಮಲ ಇರುವ ಲಜ್ಜಾಗೌರಿ. ಊರ ಹತ್ತಿರವೇ ಬನಶಂಕರಿ, ಬನದ ತಾಯಿ. ಜಾತ್ರೆ ಹೊತ್ತಿಗೆ ಪಲ್ಯದ ಹಬ್ಬದಲ್ಲಿ ಅವಳಿಗೆ 108 ಬಗೆಯ ಪಲ್ಯದ ನೈವೇದ್ಯ.

ದೆವ್ವದ ಬಗ್ಗೆ ಕೇಳಿದಿರಿ. ಇವೆ. ಹುಣಸೆ ಮರ, ಕೊಳ್ಳಿ ದೆವ್ವ, ಗಾಳಿ ಸೋಕುವುದು, ಎಲ್ಲದರ ಕಥೆಗಳೂ ಇವೆ. ಮಗುವಿಗೆ ದೃಷ್ಟಿ ತೆಗೆಯಿರಿ, ತಪ್ಪಿಲ್ಲ. ಆದರೆ ಜ್ವರ ಬಂದರೆ, ಹಾವು ಕಚ್ಚಿದರೆ ಮೊದಲು ಆಸ್ಪತ್ರೆ. ಗಾಳಿ ಅಂತ ಹೊತ್ತು ಕಳೆದು ಜೀವ ಹೋದ ಮನೆಗಳನ್ನು ನಾನು ಬಲ್ಲೆ. ಇದರಲ್ಲಿ ನಾನು ಯಾರ ಮಾತನ್ನೂ ಒಪ್ಪುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಇತ್ತ ಬರುವುದಾದರೆ ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನದೊಳಗೆ ಚರಗ ಮುಗಿದಿರುತ್ತದೆ. ಪರಿಚಯ ಇಲ್ಲ ಅಂತ ಹಿಂಜರಿಯಬೇಡಿ. ಅವತ್ತು ಹೊಲದ ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯದೆ ಬಿಡುವುದಿಲ್ಲ. ಮಗಳ ಕೈಗೂ ಚರಗದ ಬುಟ್ಟಿ ಕೊಡಿಸಿ, ಕೂಗು ಅವಳೇ ಕಲಿಯುತ್ತಾಳೆ.