ಪ್ರತಿಕ್ರಿಯೆ: ಬಲಿತ ಹತ್ತಿಬೀಜದ ಪಿಷ್ಟ ಎಲ್ಲಿ ಹೋಯಿತು?

ಮುಂಡಗೋಡದಿಂದ ಶಿರಸಿಗೆ ತಂದ ಹತ್ತಿಕಾಯಿಯಲ್ಲಿ ಎಳೆಬೀಜದ ಸಿಪ್ಪೆ ಅಯೋಡಿನ್‌ಗೆ ನೀಲಿಗಪ್ಪಾಯಿತು, ಬಲಿತದ್ದು ಆಗಲಿಲ್ಲ, ಏಕೆ ಎಂದು ಕೇಳಿದ್ದೀರಿ. ಅಯೋಡಿನ್ ನೀಲಿಗಪ್ಪಾದರೆ ಅಲ್ಲಿ ಪಿಷ್ಟವಿದೆ ಎಂದರ್ಥ. ಎಳೆಸಿಪ್ಪೆಯ ಆ ಪಿಷ್ಟ ತಾತ್ಕಾಲಿಕ ದಾಸ್ತಾನು. ಎಲೆಯಿಂದ ಬರುವುದು ಸುಕ್ರೋಸ್ ಎಂಬ ಸಕ್ಕರೆ. ಸಿಪ್ಪೆ ಅದರಲ್ಲೊಂದು ಪಾಲನ್ನು ಪಿಷ್ಟವಾಗಿಟ್ಟು ಆಮೇಲೆ ಕರಗಿಸುತ್ತದೆ. ನೂಲೆಳೆಯಲ್ಲಿ ಸುಕ್ರೋಸ್ ಸಿಂಥೇಸ್ ಕಿಣ್ವ ಸುಕ್ರೋಸನ್ನು ಒಡೆದಾಗ ಸಿಗುವ ಯುಡಿಪಿ-ಗ್ಲೂಕೋಸ್ (ಗ್ಲೂಕೋಸಿನ ಒಂದು ಸಕ್ರಿಯ ರೂಪ) ನೂಲಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಆಗುತ್ತದೆ. ಬೀಜದೊಳಗಿನ ಭ್ರೂಣ, ಅಂದರೆ ತಿರುಳಿನ, ಪಾಲು ಹೆಚ್ಚಾಗಿ ಎಣ್ಣೆ, ಪ್ರೋಟೀನ್. ಬಲಿತ ತಿರುಳಿನಲ್ಲಿ ಉಳಿಯುವ ಮುಖ್ಯ ಸಕ್ಕರೆ ರಾಫಿನೋಸ್, ಅದಕ್ಕೆ ಅಯೋಡಿನ್ ಬಣ್ಣ ಹಿಡಿಯುವುದಿಲ್ಲ.

ತಿರುಳಿನ ಕರಿಚುಕ್ಕಿಗಳನ್ನು ಪಿಷ್ಟವೆಂದುಕೊಳ್ಳಬೇಡಿ, ಅವು ಗಾಸಿಪಾಲ್ ಎಂಬ ಹತ್ತಿಯ ವಿಷವಸ್ತು ತುಂಬಿದ ಗ್ರಂಥಿಗಳು. ಬಲಿತ ಸಿಪ್ಪೆಯೂ ಟ್ಯಾನಿನ್ ಎಂಬ ಒಗರು ವಸ್ತುವಿನಿಂದ ಕಂದುಬಣ್ಣವಾಗಿರುತ್ತದೆ. ಹಾಗಾಗಿ ಹೋಲಿಕೆಗೆ ಅಯೋಡಿನ್ ಹಾಕದ ತೆಳುಹೋಳೊಂದು ಪಕ್ಕದಲ್ಲಿರಲಿ. ಕಾಯಿಯ ಗಾತ್ರ ನೋಡಿ ವಯಸ್ಸು ಹೇಳಲು ಹೋಗಬೇಡಿ. ಹೂವು ಅರಳಿದ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಕೆನೆಬಣ್ಣವಿರುವಾಗಲೇ ತೊಟ್ಟಿಗೆ ದಾರ ಕಟ್ಟಿ, 15, 25, 40ನೇ ದಿನ ಕೊಯ್ದು ಹೋಲಿಸಿ.