ಹನ್ನೆರಡು ವರ್ಷದ ನೋಟ್‌ಬುಕ್ ಯಾರ ಕೈಗೆ ಕೊಡಲಿ?

ಪ್ರಶ್ನೆ: ನಾನು ಬಳ್ಳಾರಿಯವಳು, ನಿವೃತ್ತ ಶಿಕ್ಷಕಿ. ನಮ್ಮ ಕ್ರೈಸ್ತ ಸಭೆಯಲ್ಲಿ ಹನ್ನೆರಡು ವರ್ಷದಿಂದ ಕುಟುಂಬಗಳ ಇತಿಹಾಸ ಬರೆದಿಡುವ ಸೇವೆ ಮಾಡುತ್ತಿದ್ದೇನೆ. ಕೌಲ್‌ಬಜಾರಿನಿಂದ ಸಿರುಗುಪ್ಪದವರೆಗೆ ಮನೆಮನೆಗೆ ಹೋಗಿ, ಹಿರಿಯರನ್ನು ಕೇಳಿ, ಹದಿನಾಲ್ಕು ನೋಟ್‌ಬುಕ್ ತುಂಬಿಸಿದ್ದೇನೆ. ಸ್ವಲ್ಪ ಫ್ಯಾಮಿಲಿಸರ್ಚ್ ಅನ್ನುವ ವಂಶವೃಕ್ಷದ ವೆಬ್‌ಸೈಟ್‌ಗೂ ಹಾಕಿದ್ದೇನೆ. ಹೋದ ತಿಂಗಳು ಹೊರರಾಜ್ಯದಿಂದ ಇಬ್ಬರು ಯುವ ಮಿಷನರಿಗಳು ಬಂದರು. "ಇನ್ನು ಇದನ್ನು ಇವರು ನೋಡಿಕೊಳ್ಳುತ್ತಾರೆ, ಎಲ್ಲಾ ಕೊಟ್ಟುಬಿಡಿ" ಅಂದರು ಸಭೆಯ ಹಿರಿಯರು. ಮಕ್ಕಳು ಒಳ್ಳೆಯವರೇ. ಆದರೆ ಕನ್ನಡ ಈಗಷ್ಟೇ ಕಲಿಯುತ್ತಿದ್ದಾರೆ. ನನ್ನ ನೋಟ್‌ಬುಕ್‌ಗಳಲ್ಲಿ ಕೆಲವರು ನನ್ನನ್ನು ನಂಬಿ ಹೇಳಿದ ಗುಟ್ಟುಗಳೂ ಇವೆ. ಕೊಡಲು ಮನಸ್ಸಿಲ್ಲ, ಕೊಡದಿದ್ದರೆ ಸ್ವಾರ್ಥಿ ಅಂತಾರೆ. ಏನು ಮಾಡಲಿ?

ಉತ್ತರ: ಅಕ್ಕಾ, ನಿಮಗೆ ನೋವಾಗಿರುವುದು ಕೆಲಸ ಕೈಬಿಟ್ಟು ಹೋಗುತ್ತಿದೆ ಅಂತಲ್ಲ ಅನ್ನಿಸುತ್ತದೆ. "ಎಲ್ಲಾ ಕೊಟ್ಟುಬಿಡಿ" ಅನ್ನುವ ಮಾತು ಚುಚ್ಚಿದೆ. ಹನ್ನೆರಡು ವರ್ಷ ಬಿಸಿಲಲ್ಲಿ ತಿರುಗಿದವರಿಗೆ ಹಾಗೆ ಹೇಳಬಾರದಿತ್ತು. ಇದರಲ್ಲಿ ಸ್ವಾರ್ಥ ಏನೂ ಇಲ್ಲ. ಹಿರಿಯರ ಹತ್ತಿರ ಹೋಗಿ ನೇರವಾಗಿ ಹೇಳಿ: "ಕೊಡುತ್ತೇನೆ, ಆದರೆ ನನಗೆ ಮೂರು ತಿಂಗಳು ಬೇಕು." ಅವರು ಇಲ್ಲ ಅನ್ನಲಾರರು.

ಮೂರು ತಿಂಗಳು ಯಾಕೆ ಅಂತ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಮನೆತನದ ವಂಶಾವಳಿ ಹೇಳುವ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತೇ ನಮ್ಮ ಮುತ್ತಜ್ಜನ ಅಪ್ಪನ ಹೆಸರಿನಿಂದ ಶುರು ಮಾಡುತ್ತಿದ್ದ. ಒಂದು ವರ್ಷ ಮಗನನ್ನೂ ಕರೆತಂದ. ಹುಡುಗ ಎರಡು ಕಡೆ ತಪ್ಪಿದ, ಅಪ್ಪ ಮೆಲ್ಲಗೆ ತಿದ್ದಿದ. ಅಜ್ಜಿ ಜೋಳ ಸುರಿದದ್ದು ಮಾತ್ರ ಮಗನ ಜೋಳಿಗೆಗೆ. ಮುಂದಿನ ಸಲ ಹುಡುಗ ಒಬ್ಬನೇ ಬಂದಾಗ ಯಾರೂ "ನೀನು ಯಾರಪ್ಪಾ" ಅಂತ ಕೇಳಲಿಲ್ಲ.

ನೀವೂ ಹಾಗೇ ಆ ಇಬ್ಬರನ್ನು ಮನೆಮನೆಗೆ ಕರೆದುಕೊಂಡು ಹೋಗಿ. ನೋಟ್‌ಬುಕ್‌ನಲ್ಲಿ ಇಲ್ಲದ್ದು ನಿಮ್ಮ ತಲೆಯಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತಿಲ್ಲ. ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ. "ಡ್ಯಾಂ ಕಟ್ಟುವಾಗ ನಾನು ಕೈಗೂಸು" ಅಂತಾರೆ. ಅಂದರೆ ತುಂಗಭದ್ರಾ ಡ್ಯಾಂ ಕಟ್ಟಿದ 1945ರಿಂದ 1953ರ ನಡುವೆ. "ರಜಾಕಾರರ ಗಲಾಟೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೊಪ್ಪಳದ ಕಡೆಯಿಂದ ಬಂದ್ವಿ" ಅಂದರೆ ನಿಜಾಮರ ಪರದ ಆ ಪಡೆಯ ಹಾವಳಿ ಇದ್ದ 1948ರ ಆಸುಪಾಸು. "ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಮದುವೆ" ಅಂದರೆ 1953. ರಾಯಚೂರು, ಕೊಪ್ಪಳದ ಕಡೆಯ ಹಳೇ ಕಾಗದ ನಿಜಾಮರ ಕಾಲದವು, ಅದರಲ್ಲಿ ಇರುವುದು ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ. ಇಸವಿ ಬೇಕಾದರೆ ಅದಕ್ಕೆ 590 ಕೂಡಿಸಬೇಕು. ಹೊಸಬರು 1357 ಅಂತ ಕಂಡರೆ ಗಾಬರಿಯಾಗುತ್ತಾರೆ, ಅಲ್ವಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಯಾವ ಅಜ್ಜಿ ಮಂಡಕ್ಕಿ ಒಗ್ಗರಣಿ, ಚಹಾ ಮುಗಿಯುವ ತನಕ ಬಾಯಿ ಬಿಡುವುದಿಲ್ಲ, ಯಾವ ಅಜ್ಜನಿಗೆ ಬಲಗಿವಿ ಮಾತ್ರ ಕೇಳುತ್ತದೆ, ಅದೂ ಇರಲಿ.

ಕನ್ನಡದ ಬಗ್ಗೆ ಜಾಸ್ತಿ ಚಿಂತೆ ಬೇಡ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕೂಡ ಕನ್ನಡ ಕಲಿತದ್ದು ಇಲ್ಲೇ. ಮುಂದೆ ಬೈಬಲನ್ನೇ ಕನ್ನಡಕ್ಕೆ ತಂದರು. ಈ ಮಕ್ಕಳಿಗೆ ಕಲಿಸಲು ಒಬ್ಬ ಟೀಚರೇ ಸಿಕ್ಕಿದ್ದಾರೆ.

ಇನ್ನು ಗುಟ್ಟುಗಳು. ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಅವನ್ನು ಕೊಡಬೇಡಿ. ಮೊದಲ ಹೆಂಡತಿಯ ವಿಷಯ, ಸಾಕಿಕೊಂಡ ಮಗುವಿನ ವಿಷಯ, ಇವನ್ನು ಅವರು ಹೇಳಿದ್ದು ನಿಮಗೆ, ಸಭೆಗೆ ಅಲ್ಲ. ಆಸ್ತಿ ಪಾಲಾಗುವ ಹೊತ್ತಿಗೆ ಇಂಥ ಒಂದು ಸಾಲು ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆಯಬಹುದು. ಆ ಹಾಳೆಗಳನ್ನು ಬೇರೆ ತೆಗೆಯಿರಿ. ಹೇಳಿದವರು ಬದುಕಿದ್ದರೆ ಹೋಗಿ ಕೇಳಿ, "ಇದು ಪುಸ್ತಕದಲ್ಲಿ ಇರಲಾ, ಬೇಡವಾ?" ಬೇಡ ಅಂದರೆ ಅವರ ಎದುರೇ ಹಾಳೆಯನ್ನು ಅವರ ಕೈಗೆ ಕೊಟ್ಟುಬಿಡಿ. ತೀರಿಕೊಂಡಿದ್ದರೆ ನಿಮ್ಮ ಬೀರುವಿನಲ್ಲೇ ಇರಲಿ.

ಫ್ಯಾಮಿಲಿಸರ್ಚ್ ವಿಷಯವನ್ನೂ ಆ ಮಕ್ಕಳಿಗೆ ಬಿಡಿಸಿ ಹೇಳಿ. ಅಲ್ಲಿನ ವಂಶವೃಕ್ಷದಲ್ಲಿ ಬದುಕಿರುವವರ ವಿವರ ಎಲ್ಲರಿಗೂ ಕಾಣುವುದಿಲ್ಲ. ತೀರಿಕೊಂಡವರ ವಿವರವನ್ನು ಮಾತ್ರ ಬೇರೆಯವರೂ ತಿದ್ದಬಹುದು. ಹಾಗಾಗಿ ಪ್ರತಿ ಹೆಸರಿನ ಜೊತೆ ಇದನ್ನು ಯಾರು ಹೇಳಿದರು, ಯಾವ ರಿಜಿಸ್ಟರಿನಲ್ಲಿ ಸಿಕ್ಕಿತು ಅಂತ ಹಾಕಲೇಬೇಕು. ಕೊಡುವ ಮುಂಚೆ ಹದಿನಾಲ್ಕೂ ನೋಟ್‌ಬುಕ್‌ಗಳ ಫೋಟೊ ತೆಗೆಸಿ ಇಟ್ಟುಕೊಳ್ಳಿ. ಗುಟ್ಟಿನ ಹಾಳೆ ಮಾತ್ರ ಆ ಫೋಟೊದಲ್ಲಿ ಬೀಳದಿರಲಿ.

ಅಕ್ಕಾ, ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಯುವ ಮಿಷನರಿಗಳ ಸೇವೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ. ಅದರ ನಡುವೆಯೂ ಊರು ಬದಲಾಗುತ್ತದೆ. ಅವರು ಹೋದ ದಿನ ನೋಟ್‌ಬುಕ್ ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತದೋ! ಅದಕ್ಕೇ ನಿಮ್ಮ ಸಭೆಯ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಜೊತೆಗೆ ಸೇರಿಸಿಕೊಳ್ಳಿ. ಇಲ್ಲೇ ಹುಟ್ಟಿದವರು, ಅಜ್ಜಿಯರ ಮಾತು ಕೇಳಿ ಬೆಳೆದವರು ಆಗಿರಲಿ. ಮಿಷನರಿಗಳು ಕಂಪ್ಯೂಟರ್ ಕಲಿಸಲಿ, ಇವರು ಮಾತು ಬಿಡಿಸಿ ಹೇಳಲಿ. ಸಭೆಯ ಹಿರಿಯರ ಹತ್ತಿರ ಹೋದಾಗ ಇದನ್ನೂ ಕೇಳಿ, ಮರೆಯಬೇಡಿ.

ಮೊದಲ ದಿನ ಯಾರ ಮನೆಗೆ ಹೋಗಬೇಕು ಅಂತ ನಿಮಗೆ ಈಗಲೇ ಹೊಳೆದಿರಬೇಕು. ಮೂವರನ್ನೂ ಅಜ್ಜಿಯ ಹತ್ತಿರ ಚಾಪೆ ಮೇಲೆ ಕೂರಿಸಿ, ನೀವು ಸ್ವಲ್ಪ ಹಿಂದೆ ಕೂತುಕೊಳ್ಳಿ. ಪೆನ್ನು ಅವರ ಕೈಯಲ್ಲಿರಲಿ. ತಪ್ಪಿದರೆ ಮೆಲ್ಲಗೆ ತಿದ್ದಿ.